ಸುಣ್ಣಕಲ್ಲಿನ ರುಚಿ ವೈನಿಗೆ ಇಳಿಯುತ್ತದೆಯೇ?

ಪ್ರಶ್ನೆ: ನನ್ನ ಬಳಿ ಎರಡು ತುಂಡು ದ್ರಾಕ್ಷಿ ತೋಟವಿದೆ. ಮೇಲಿನದು ಸುಣ್ಣಕಲ್ಲು ತುಂಬಿದ, ಮಣ್ಣಿನ ಆಳ ಕಡಿಮೆಯಿರುವ ಇಳಿಜಾರು. ಕೆಳಗಿನದು ನೀರು ಹಿಡಿದಿಡುವ ಜಿಗುಟು ಜೇಡಿಮಣ್ಣು. ಎರಡರಲ್ಲೂ ಒಂದೇ ಕೆಂಪು ತಳಿ, ಒಂದೇ ಬಗೆಯ ಬೇರುಸಸಿಯ ಮೇಲೆ ಕಸಿ ಮಾಡಿದ್ದು. ಮೇಲಿನ ತೋಟದ ವೈನ್ ಚುರುಕಾಗಿದೆ. ಕುಡಿದ ಸ್ನೇಹಿತರೆಲ್ಲ ‘ಕಲ್ಲಿನ ರುಚಿ ಬರುತ್ತದೆ’ ಎಂದು ಹೊಗಳುತ್ತಾರೆ. ಕೆಳಗಿನದು ಸಪ್ಪೆ, ಬಣ್ಣವೂ ಒಂದು ವರ್ಷದೊಳಗೆ ಮಂಕಾಗಿ ಇಟ್ಟಿಗೆಯ ಕಡೆಗೆ ತಿರುಗಿದೆ. ಪ್ರಯೋಗಾಲಯದ ವರದಿಯಂತೆ ಮೇಲಿನದರ ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಿದ್ದಷ್ಟೂ ಹುಳಿ ಹೆಚ್ಚು) 3.45, ಪೊಟ್ಯಾಸಿಯಂ ಲೀಟರಿಗೆ 950 ಮಿಲಿಗ್ರಾಂ. ಕೆಳಗಿನದರ ಪಿಎಚ್ 3.95, ಪೊಟ್ಯಾಸಿಯಂ 1,800 ಮಿಲಿಗ್ರಾಂ. ಕೆಳಗಿನ ತೋಟಕ್ಕೆ ಸುಣ್ಣಕಲ್ಲಿನ ಪುಡಿಯನ್ನೋ ಗ್ರಾನೈಟ್ ಪುಡಿಯನ್ನೋ ಹಾಕಿದರೆ ಅಲ್ಲಿಯೂ ಖನಿಜದ ರುಚಿ ಬರುತ್ತದೆಯೇ? ಈಚಿನ ವರ್ಷಗಳ ಬಿರುಬೇಸಿಗೆಗೂ ಇದಕ್ಕೂ ಸಂಬಂಧವಿದೆಯೇ? ಖನಿಜಾಂಶ ಹೆಚ್ಚಿರುವ ವೈನ್ ಆರೋಗ್ಯಕ್ಕೆ ಒಳ್ಳೆಯದೆನ್ನುವುದು ನಿಜವೇ?

ಉತ್ತರ: ನಿಮ್ಮ ಪ್ರಶ್ನೆಗೆ ಉತ್ತರ ನೀವೇ ಕಳಿಸಿದ ವರದಿಯಲ್ಲಿದೆ, ಅದು ನೀವು ಎಣಿಸಿದ್ದಕ್ಕೆ ತಿರುಗುಮುರುಗಾಗಿದೆ, ಅಷ್ಟೆ. ಕೆಳಗಿನ ತೋಟದ ವೈನಿನಲ್ಲಿ ಖನಿಜಾಂಶದ ಕೊರತೆಯಿದೆ, ಅದನ್ನು ಕಲ್ಲಿನ ಪುಡಿಯಿಂದ ತುಂಬಿಸಿಕೊಳ್ಳಬಹುದು ಎಂದು ನೀವು ಭಾವಿಸಿದ್ದೀರಿ. ಆದರೆ ಯಾವ ವೈನನ್ನೇ ತೆಗೆದುಕೊಂಡರೂ ಅದರ ಖನಿಜಗಳಲ್ಲಿ ಸಿಂಹಪಾಲು ಪೊಟ್ಯಾಸಿಯಂನದು, ಮತ್ತು ಅದು ನಿಮ್ಮ ಕೆಳಗಿನ ವೈನಿನಲ್ಲಿ ಮೇಲಿನದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟಿದೆ. ಸ್ನೇಹಿತರು ಕಲ್ಲಿನ ರುಚಿಯೆಂದು ಹೊಗಳಿದ ವೈನಿನಲ್ಲೇ ಖನಿಜ ಕಡಿಮೆ, ಸಪ್ಪೆಯೆಂದು ಬದಿಗಿಟ್ಟದ್ದರಲ್ಲೇ ಹೆಚ್ಚು. ಆದ್ದರಿಂದ ಕೆಳಗಿನ ತೋಟಕ್ಕೆ ಏನು ಸೇರಿಸಬೇಕು ಎನ್ನುವುದಕ್ಕಿಂತ ಹುಳಿಯನ್ನು ತಟಸ್ಥಗೊಳಿಸುವ ಪೊಟ್ಯಾಸಿಯಂ ಅಲ್ಲಿ ಇಷ್ಟೊಂದು ಏಕೆ ಹಣ್ಣಿಗೆ ಬರುತ್ತಿದೆ ಎಂದು ಕೇಳುವುದು ಸರಿ.

ವೈನಿನಲ್ಲಿರುವ ಖನಿಜವನ್ನು ಕಣ್ಣಾರೆ ನೋಡುವ ಹಳೆಯ ವಿಧಾನವೊಂದು ನಮ್ಮ ಪ್ರಯೋಗಾಲಯಗಳಲ್ಲಿ ಇಂದಿಗೂ ಇದೆ. ಅಳತೆ ಮಾಡಿದ ವೈನನ್ನು ಪುಟ್ಟ ಬಟ್ಟಲಿನಲ್ಲಿ ಆವಿಯಾಗಿಸಿ, ಉಳಿದ ಕಪ್ಪು ಜಿಡ್ಡನ್ನು ಸುಮಾರು 525 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿಟ್ಟರೆ ನೀರು, ಮದ್ಯಸಾರ, ಸಕ್ಕರೆ, ಆಮ್ಲ, ಬಣ್ಣ ಎಲ್ಲ ಹೋಗಿ ತಳದಲ್ಲಿ ಬೂದುಬಿಳಿಯ ಹಗುರ ಬೂದಿ ಉಳಿಯುತ್ತದೆ. ಒಂದು ಲೀಟರ್ ವೈನಿಗೆ ಅದು ಸಾಮಾನ್ಯವಾಗಿ ಒಂದೂವರೆಯಿಂದ ಮೂರು ಗ್ರಾಂ. ಅದರ ಬಹುಪಾಲು ಪೊಟ್ಯಾಸಿಯಂ ಕಾರ್ಬೊನೇಟ್. ಕಲಿಯುತ್ತಿದ್ದ ದಿನಗಳಲ್ಲಿ ಕುತೂಹಲ ತಡೆಯಲಾರದೆ ಒಂದು ಹರಳಿನಷ್ಟನ್ನು ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿದ್ದೆ. ಒಲೆಯ ಬೂದಿ ಕದಡಿದ ನೀರಿನಂತೆ ಕ್ಷಾರವಾಗಿ, ಸಾಬೂನಿನ ಒಗರಿನಿಂದ ಕೂಡಿತ್ತು. ಕಲ್ಲು, ಸುಣ್ಣ, ಸಮುದ್ರದ ಗಾಳಿ ಯಾವುದೂ ಅದರಲ್ಲಿರಲಿಲ್ಲ. ಪೊಟ್ಯಾಸಿಯಂ ಬಿಟ್ಟರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲೀಟರಿಗೆ ತಲಾ 50ರಿಂದ 150 ಮಿಲಿಗ್ರಾಂ, ಸೋಡಿಯಂ ಕೆಲವು ಹತ್ತು ಮಿಲಿಗ್ರಾಂ, ಕಬ್ಬಿಣ ಕೆಲವೇ ಮಿಲಿಗ್ರಾಂ, ಸತು, ಮ್ಯಾಂಗನೀಸ್, ತಾಮ್ರಗಳು ಅದಕ್ಕಿಂತಲೂ ಕಡಿಮೆ. ಆಮ್ಲ, ಮದ್ಯಸಾರ ಮತ್ತು ಒಗರಿನ ನಡುವೆ ಇಷ್ಟು ಅಲ್ಪ ಪ್ರಮಾಣವನ್ನು ನಾಲಿಗೆ ಬೇರೆಯಾಗಿ ಗುರುತಿಸಲಾರದು.

ಬೇರು ಕಲ್ಲನ್ನು ತಿನ್ನುತ್ತದೆ, ಹಣ್ಣು ಆ ಕಲ್ಲಿನ ಸಾರವನ್ನು ಹೊತ್ತು ತರುತ್ತದೆ ಎಂಬ ನಂಬಿಕೆ ಬಹಳ ಹಳೆಯದು, ಅಷ್ಟೇ ಹಟಮಾರಿ. ಫ್ಲ್ಯಾಂಡರ್ಸಿನ (ಇಂದಿನ ಬೆಲ್ಜಿಯಂ) ವಿಜ್ಞಾನಿ ವಾನ್ ಹೆಲ್ಮಾಂಟ್ 200 ಪೌಂಡ್ ಒಣಮಣ್ಣಿನಲ್ಲಿ ವಿಲೋ ಸಸಿಯೊಂದನ್ನು ನೆಟ್ಟು ಐದು ವರ್ಷ ಬರಿಯ ನೀರೆರೆದು ಬೆಳೆಸಿದಾಗ ಗಿಡ 160 ಪೌಂಡಿಗೂ ಹೆಚ್ಚು ತೂಕ ಗಳಿಸಿತ್ತು, ಮಣ್ಣು ಕಳೆದುಕೊಂಡದ್ದು ಸುಮಾರು ಎರಡು ಔನ್ಸ್ ಮಾತ್ರ; ಆ ವಿವರ ಅಚ್ಚಾದದ್ದು 1648ರಲ್ಲಿ. ಗಿಡದ ಮೈಯೆಲ್ಲ ನೀರಿನಿಂದಲೇ ಆಯಿತೆಂದು ಅವರು ತಪ್ಪಾಗಿ ತೀರ್ಮಾನಿಸಿದರು, ಗಾಳಿಯ ಪಾಲು ಅವರಿಗೆ ಹೊಳೆದಿರಲಿಲ್ಲ. ಆದರೂ ಮಣ್ಣಿನಿಂದ ಗಿಡಕ್ಕೆ ಹೋಗುವುದು ಎಷ್ಟು ಕಡಿಮೆ ಎಂಬುದನ್ನು ಆ ಎರಡು ಔನ್ಸ್ ತೋರಿಸಿಕೊಟ್ಟಿತು. ಬೇರು ಹೀರುವುದು ನೀರಿನಲ್ಲಿ ಕರಗಿ ಅಯಾನುಗಳಾದ, ಅಂದರೆ ವಿದ್ಯುದಂಶ ಹೊತ್ತ ಕಣಗಳಾದ ಧಾತುಗಳನ್ನು ಮಾತ್ರ. ಸ್ಲೇಟಿನಿಂದ ಬಿಡುಗಡೆಯಾದ ಪೊಟ್ಯಾಸಿಯಂಗೂ ಗೊಬ್ಬರದ ಚೀಲದಿಂದ ಬಂದ ಪೊಟ್ಯಾಸಿಯಂಗೂ ಬೇರಿನ ಪಾಲಿಗೆ ವ್ಯತ್ಯಾಸವಿಲ್ಲ. ಫ್ರಾನ್ಸಿನ ವೈನ್ ಪ್ರದೇಶವಾದ ಶಾಬ್ಲಿಯ ಸುಣ್ಣಮಣ್ಣಿನಲ್ಲಿ ಪುಟ್ಟ ಸಿಂಪಿಗಳ ಪಳೆಯುಳಿಕೆ ಹೇರಳವಾಗಿರುವುದು ನಿಜ, ಆದರೆ ಕೋಟ್ಯಂತರ ವರ್ಷಗಳ ಹಿಂದಿನ ಆ ಚಿಪ್ಪು ಇಂದು ಬರಿಯ ಕ್ಯಾಲ್ಸಿಯಂ ಕಾರ್ಬೊನೇಟ್. ಅದಕ್ಕೆ ಸಮುದ್ರದ ನೆನಪೂ ಇಲ್ಲ, ರುಚಿಯೂ ಇಲ್ಲ. ಜರ್ಮನಿಯ ಮೋಸೆಲ್ ಕಣಿವೆಯ ಸ್ಲೇಟಿನ ಇಳಿಜಾರುಗಳ ದೊಡ್ಡ ಉಪಕಾರವೆಂದರೆ ಹಗಲಿನ ಬಿಸಿಲನ್ನು ಹೀರಿ ಬಳ್ಳಿಯ ಬುಡವನ್ನು ಬೆಚ್ಚಗಿಡುವುದು, ಬಿದ್ದ ಮಳೆಯನ್ನು ಬೇಗ ಬಸಿದುಬಿಡುವುದು.

ಹಾಗಾದರೆ ನಿಮ್ಮ ಸ್ನೇಹಿತರ ನಾಲಿಗೆ ಸುಳ್ಳು ಹೇಳಿತೇ? ಇಲ್ಲ. ಅವರಿಗೆ ಏನೋ ಸಿಕ್ಕಿದೆ, ಅದಕ್ಕೆ ಅವರು ಕಲ್ಲಿನ ಹೆಸರಿಟ್ಟಿದ್ದಾರೆ. ನನ್ನ ಅನುಭವದಲ್ಲಿ ‘ಖನಿಜದ ರುಚಿ’ ಎಂದು ರುಚಿನೋಡುವವರು ಬರೆದುಕೊಟ್ಟ ವೈನುಗಳಲ್ಲಿ ಹೆಚ್ಚಿನವು ಹುಳಿ ಚುರುಕಾಗಿರುವ, ಹಣ್ಣಿನ ಪರಿಮಳ ತಗ್ಗಿರುವ ವೈನುಗಳು. ಹುದುಗುವಾಗ ಯೀಸ್ಟ್ ಉಂಟುಮಾಡುವ ಸಕ್ಸಿನಿಕ್ ಆಮ್ಲಕ್ಕೆ ಉಪ್ಪು ಬೆರೆತ ಕಹಿಯ ಛಾಯೆಯಿದೆ. ಬೆಣಚುಕಲ್ಲುಗಳನ್ನು ಒಂದಕ್ಕೊಂದು ಉಜ್ಜಿದಾಗ ಬರುವಂಥ ಹೊಗೆವಾಸನೆಗೆ ಕಾರಣವಾಗುವ ಬೆಂಜೀನ್‌ಮೀಥೇನ್‌ಥಯೋಲ್ ಎಂಬ ಗಂಧಕದ ಸಂಯುಕ್ತವನ್ನು 2003ರಲ್ಲಿ ಫ್ರಾನ್ಸಿನ ಬೋರ್ಡೊದ ಸಂಶೋಧಕರು ವೈನಿನಲ್ಲಿ ಗುರುತಿಸಿದರು. ಅದು ಬಂಡೆಯಿಂದ ಬಂದದ್ದಲ್ಲ. ಮಳೆಗೆ ನೆಂದ ಕಲ್ಲಿನ ವಾಸನೆಯೂ ಕಲ್ಲಿನದಲ್ಲ. ಅದರ ಮೈಮೇಲೆ ಕೂತ ಗಿಡಗಳ ಎಣ್ಣೆ ಮತ್ತು ಸೂಕ್ಷ್ಮಜೀವಿಗಳದು, ಅದನ್ನು 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ವಿವರಿಸಿ ‘ಪೆಟ್ರಿಕೋರ್’ ಎಂಬ ಹೆಸರು ಕೊಟ್ಟರು. ಕಲ್ಲಿನ ರುಚಿ ಎಂಬ ಮಾತನ್ನು ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ; ಮಲ್ಲಿಗೆಯ ಘಮವಿದೆ ಎಂದಾಗ ಪಾತ್ರೆಯಲ್ಲಿ ಮಲ್ಲಿಗೆ ಹಾಕಿದ್ದಾರೆ ಎಂದು ಯಾರೂ ತಿಳಿಯುವುದಿಲ್ಲವಲ್ಲ.

ಮಣ್ಣಿನ ಧಾತು ನೇರವಾಗಿ ನಾಲಿಗೆಗೆ ತಾಗುವ ಸಂದರ್ಭ ಒಂದಿದೆ, ಅದು ಉಪ್ಪು. ಮಳೆ ಕಡಿಮೆಯಾಗಿ ಉಪ್ಪುನೀರಿನಿಂದ ನೀರಾವರಿ ಮಾಡುವ ಕಡೆ ಸೋಡಿಯಂ ಮತ್ತು ಕ್ಲೋರೈಡ್ ಬೇರಿನ ಸುತ್ತ ಕೂಡಿಕೊಂಡು, ಎಲೆಯ ಅಂಚು ಸುಟ್ಟು, ಕೊನೆಗೆ ವೈನಿಗೂ ಬರುತ್ತವೆ. ಸಿಪ್ಪೆಯೊಂದಿಗೆ ಹುದುಗುವ ಕೆಂಪು ವೈನಿನಲ್ಲಿ ಇದು ಇನ್ನಷ್ಟು ಹೆಚ್ಚು. ಆಸ್ಟ್ರೇಲಿಯಾದಲ್ಲಿ ವೈನಿನ ಕ್ಲೋರೈಡಿಗೆ ಅಡುಗೆ ಉಪ್ಪಿನ ಲೆಕ್ಕದಲ್ಲಿ ಲೀಟರಿಗೆ ಒಂದು ಗ್ರಾಂ ಎಂಬ ಮಿತಿಯನ್ನು ಕಾನೂನಿನಲ್ಲೇ ಇಟ್ಟಿದ್ದಾರೆ. ಅಂಥ ವೈನನ್ನು ಯಾರೂ ಕಲ್ಲಿನ ರುಚಿಯೆಂದು ಹೊಗಳುವುದಿಲ್ಲ.

ಈಗ ಮಣ್ಣಿನ ನಿಜವಾದ ಪಾತ್ರಕ್ಕೆ ಬರೋಣ. ಜೇಡಿಯ ಕಣಗಳು ಋಣ ವಿದ್ಯುದಂಶ ಹೊತ್ತ ತೆಳು ಹಾಳೆಗಳಂತಿದ್ದು, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತಮ್ಮ ಮೈಗೆ ಅಂಟಿಸಿಕೊಂಡು ಬೇರು ಕೇಳಿದಾಗ ಬಿಟ್ಟುಕೊಡುತ್ತವೆ. ಕೆಲವು ಬಗೆಯ ಜೇಡಿ ತನ್ನ ಪದರಗಳ ನಡುವೆಯೇ ಪೊಟ್ಯಾಸಿಯಂ ಬಚ್ಚಿಟ್ಟುಕೊಂಡು ದಶಕಗಳ ಕಾಲ ಒಸರಿಸುತ್ತಿರುತ್ತದೆ. ಮರಳಿಗೆ ಈ ಹಿಡಿತವಿಲ್ಲ, ಮಳೆ ಬಂದರೆ ಎಲ್ಲ ತೊಳೆದುಹೋಗುತ್ತದೆ. ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಈ ಮೂರೂ ಬೇರಿನ ಬಾಗಿಲಲ್ಲಿ ಒಂದನ್ನೊಂದು ತಳ್ಳಿಕೊಂಡು ನಿಂತಿರುವುದರಿಂದ ಪೊಟ್ಯಾಸಿಯಂ ವಿಪರೀತವಾದರೆ ಮೆಗ್ನೀಸಿಯಂ ಒಳಗೆ ಹೋಗಲಾರದೆ ಎಲೆಯ ನರಗಳ ನಡುವೆ ಹಳದಿ ಮೂಡುತ್ತದೆ. ಕ್ಯಾಲ್ಸಿಯಂ ತುಂಬಿದ ನಿಮ್ಮ ಮೇಲಿನ ತೋಟದಲ್ಲಿ ಪೊಟ್ಯಾಸಿಯಂಗೆ ಸ್ವಲ್ಪ ಅಡ್ಡಿ ಬೀಳುತ್ತದೆ. ಹುಳಿಮಣ್ಣಿನಲ್ಲಿ ಮ್ಯಾಂಗನೀಸ್ ಹೆಚ್ಚು ಕರಗಿ ವೈನಿನಲ್ಲೂ ಹೆಚ್ಚು ಕಾಣಿಸಿಕೊಳ್ಳುತ್ತದೆ. ಸುಣ್ಣಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಎಟುಕುವುದಿಲ್ಲ. ಫಿಲಾಕ್ಸೆರಾ ಹೇನು ಯೂರೋಪಿನ ತೋಟಗಳನ್ನು ನುಂಗಿದ ಮೇಲೆ ಆ ಹೇನನ್ನು ತಾಳಬಲ್ಲ ಅಮೆರಿಕದ ಬೇರುಸಸಿಗಳನ್ನು ತಂದು ನೆಟ್ಟಾಗ ಅವು ಶಾಂಪೇನ್, ಕೊನ್ಯಾಕ್‌ಗಳ ಸುಣ್ಣನೆಲದಲ್ಲಿ ಹಳದಿಯಾಗಿ ಸೊರಗಿದ್ದು ಇದೇ ಕಾರಣಕ್ಕೆ; ಸುಣ್ಣ ತಾಳಬಲ್ಲ ಬಳ್ಳಿಯನ್ನು ಹುಡುಕಿಕೊಂಡು 1887ರಲ್ಲಿ ಫ್ರೆಂಚ್ ವಿಜ್ಞಾನಿ ಪಿಯರ್ ವಿಯಾಲಾ ಅಮೆರಿಕಕ್ಕೆ ಹೋಗಿ, ಟೆಕ್ಸಾಸಿನಲ್ಲಿ ಮನ್ಸನ್ ಎಂಬ ದ್ರಾಕ್ಷಿ ತಜ್ಞರ ನೆರವಿನಿಂದ ಬೆರ್ಲಾಂಡಿಯೆರಿ ಜಾತಿಯನ್ನು ಆರಿಸಿಕೊಂಡರು. ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡುತ್ತೇನೆ: ಮಣ್ಣಿನ ಪಿಎಚ್ ಬೇರೆ, ವೈನಿನ ಪಿಎಚ್ ಬೇರೆ. ನಿಮ್ಮ ಸುಣ್ಣದ ಇಳಿಜಾರಿನ ಮಣ್ಣು ಕ್ಷಾರ, ಅಲ್ಲಿಯ ವೈನ್ ಹೆಚ್ಚು ಹುಳಿ.

ಆದರೂ ಮೇಲಿನ ವೈನ್ ಚುರುಕಾಗಿರುವುದರ ಹೆಚ್ಚಿನ ಶ್ರೇಯಸ್ಸನ್ನು ನಾನು ಸುಣ್ಣಕ್ಕೆ ಕೊಡುವುದಿಲ್ಲ, ನೀರಿಗೆ ಕೊಡುತ್ತೇನೆ. ಪೊಟ್ಯಾಸಿಯಂ ಒಣಮಣ್ಣಿನಲ್ಲಿ ಚಲಿಸಲಾರದು. ತೇವದ ಪೊರೆಯಿದ್ದರೆ ಮಾತ್ರ ಬೇರಿನ ಬಳಿಗೆ ಸರಿಯುತ್ತದೆ. ಆಳವಿಲ್ಲದ ಕಲ್ಲುನೆಲ ಬೇಸಿಗೆಯ ನಡುವೆ ಒಣಗಿ ಬಳ್ಳಿಯ ಬೆಳವಣಿಗೆಯನ್ನು ತಡೆಯುತ್ತದೆ, ಎಲೆ ವಿರಳವಾಗಿ ಗೊಂಚಲಿಗೆ ಬೆಳಕು ಬೀಳುತ್ತದೆ. ಕೆಳಗಿನ ಜೇಡಿ ಬೇಸಿಗೆಯ ಕೊನೆಯವರೆಗೂ ನೀರು ಕೊಡುತ್ತಲೇ ಇರುತ್ತದೆ, ಬಳ್ಳಿ ಸೊಕ್ಕಿ ಬೆಳೆಯುತ್ತದೆ, ಎಲೆಯ ಮೇಲೆ ಎಲೆ ಬಿದ್ದು ಒಳಗೆ ನೆರಳಾಗುತ್ತದೆ, ಆ ನೆರಳಿನ ಎಲೆಗಳು ತಮ್ಮಲ್ಲಿರುವ ಪೊಟ್ಯಾಸಿಯಂ ಅನ್ನು ಹಣ್ಣಿಗೆ ದಾಟಿಸುತ್ತವೆ.

ಬೇಸಿಗೆಯ ಪಾಲು ಸೇರುವುದು ಇಲ್ಲಿ. ಕಾಯಿ ಬಣ್ಣ ತಿರುಗುವವರೆಗೆ ಬೇರಿನಿಂದ ಮೇಲೇರುವ ನೀರಿನ ನಾಳಗಳ ಮೂಲಕ ಹಣ್ಣಿಗೆ ಸಾಕಷ್ಟು ನೀರು ಹೋಗುತ್ತದೆ, ಕ್ಯಾಲ್ಸಿಯಂ ಹೋಗುವುದು ಆ ದಾರಿಯಲ್ಲಿ. ಬಣ್ಣ ತಿರುಗಿದ ಮೇಲೆ ಆ ಹರಿವು ತಗ್ಗಿ, ಎಲೆಯಿಂದ ಸಕ್ಕರೆ ತರುವ ನಾಳಗಳೇ ಹಣ್ಣನ್ನು ತುಂಬುತ್ತವೆ. ಪೊಟ್ಯಾಸಿಯಂ ಆ ದಾರಿಯ ಪಯಣಿಗ. ಹಾಗಾಗಿ ಹಣ್ಣು ಬಳ್ಳಿಯಲ್ಲಿ ಹೆಚ್ಚು ದಿನ ಉಳಿದಷ್ಟೂ, ಸಕ್ಕರೆ ಏರಿದಷ್ಟೂ ಪೊಟ್ಯಾಸಿಯಂ ಏರುತ್ತಲೇ ಹೋಗುತ್ತದೆ. ಬಿಸಿಲು ಹೆಚ್ಚಾದರೆ ಈ ಶೇಖರಣೆ ಚುರುಕಾಗುವುದರ ಜೊತೆಗೆ ಹಣ್ಣಿನೊಳಗಿನ ಮ್ಯಾಲಿಕ್ ಆಮ್ಲ ಉಸಿರಾಟದಲ್ಲೇ ಕರಗಿಹೋಗುತ್ತದೆ. ಒಂದು ಕಡೆ ಹುಳಿ ಇಳಿಯುತ್ತದೆ, ಇನ್ನೊಂದು ಕಡೆ ಉಳಿದ ಹುಳಿಯನ್ನು ತಟಸ್ಥಗೊಳಿಸುವ ಪೊಟ್ಯಾಸಿಯಂ ಏರುತ್ತದೆ. ನಿಮ್ಮ ಕೆಳಗಿನ ತೋಟದಲ್ಲಿ ಮಣ್ಣು ಮತ್ತು ಬೇಸಿಗೆ ಒಂದೇ ದಿಕ್ಕಿಗೆ ಎಳೆಯುತ್ತಿವೆ. ಮೇಲಿನದರಲ್ಲಿ ಮಣ್ಣು ಬೇಸಿಗೆಗೆ ಎದುರಾಗಿ ಜಗ್ಗುತ್ತಿದೆ.

ಇದರ ಫಲ ಬರಿಯ ರುಚಿಯಲ್ಲಿ ನಿಲ್ಲುವುದಿಲ್ಲ. ಕೆಂಪು ಬಣ್ಣ ಕೆಂಪಾಗಿರಲು ಪಿಎಚ್ ಕೆಳಗಿರಬೇಕು. ಅದು ಏರಿದಂತೆ ಬಣ್ಣದ ಅಣುಗಳು ತಮ್ಮ ಕೆಂಪು ರೂಪವನ್ನು ಕಳೆದುಕೊಳ್ಳುತ್ತವೆ. ಕೆಡದಂತೆ ಕಾಯುವ ಸಲ್ಫರ್ ಡೈಆಕ್ಸೈಡಿನಲ್ಲಿಯೂ ನಿಜವಾಗಿ ಕೆಲಸ ಮಾಡುವ ರೂಪದ ಪಾಲು ಪಿಎಚ್ 3.45ರಲ್ಲಿ ಸುಮಾರು ಶೇ 2.2, ಪಿಎಚ್ 3.95ರಲ್ಲಿ ಶೇ 0.7 ಮಾತ್ರ. ಮೇಲಿನ ವೈನಿಗೆ ಲೀಟರಿಗೆ 22 ಮಿಲಿಗ್ರಾಂ ಮುಕ್ತ ಸಲ್ಫರ್ ಡೈಆಕ್ಸೈಡ್ ಕೊಡುವ ರಕ್ಷಣೆಗೆ ಕೆಳಗಿನದರಲ್ಲಿ 70 ಬೇಕು. ಎರಡಕ್ಕೂ ಒಂದೇ ಅಳತೆ ಹಾಕಿದ್ದರೆ ಕೆಳಗಿನದು ಹೆಚ್ಚುಕಡಿಮೆ ಕಾವಲಿಲ್ಲದೆ ನಿಂತಿದೆ ಎಂದೇ ಅರ್ಥ. ತೋಟದ ವಿಚಾರಕ್ಕಿಂತ ಮೊದಲು ಇದನ್ನು ನೋಡಿ.

ನೀವು ಹಾಕಬೇಕೆಂದಿರುವ ಪುಡಿಗಳ ವಿಷಯ. ಗ್ರಾನೈಟಿನಲ್ಲಿ ಪೊಟ್ಯಾಸಿಯಂ ಇರುವ ಫೆಲ್ಡ್‌ಸ್ಪಾರ್ ಮತ್ತು ಅಭ್ರಕ ಇರುತ್ತವೆ. ಅದರ ಪುಡಿಯನ್ನು ನಿಧಾನವಾಗಿ ಪೊಟ್ಯಾಸಿಯಂ ಕೊಡುವ ಗೊಬ್ಬರವೆಂದೇ ಬಳಸುತ್ತಾರೆ. ನಿಮ್ಮ ತೋಟಕ್ಕೆ ಅದು ಗಾಯಕ್ಕೆ ಉಪ್ಪು. ಸುಣ್ಣಕಲ್ಲಿನ ಪುಡಿಯಿಂದ ರುಚಿ ಬರುವುದಿಲ್ಲ. ಮಣ್ಣು ನಿಜವಾಗಿಯೂ ಹುಳಿಯಾಗಿದ್ದರೆ ಮಾತ್ರ ಅದಕ್ಕೆ ಅರ್ಥವಿದೆ. ಈಗಾಗಲೇ ತಟಸ್ಥವಾಗಿರುವ ಮಣ್ಣಿಗೆ, ಬೇರುಸಸಿಯ ಸುಣ್ಣ ತಾಳಿಕೆ ತಿಳಿಯದೆ ಸುರಿದರೆ ಕಬ್ಬಿಣದ ಕೊರತೆಯನ್ನು ನೀವೇ ಕರೆದಂತಾಗುತ್ತದೆ. ಬೂದಿ, ಕೊಟ್ಟಿಗೆ ಗೊಬ್ಬರ, ಹಿಂಡಿದ ದ್ರಾಕ್ಷಿಯ ಚರಟ ಇವೆಲ್ಲ ಪೊಟ್ಯಾಸಿಯಂ ತುಂಬಿದವು. ಕೆಳಗಿನ ತೋಟಕ್ಕೆ ಅವುಗಳನ್ನು ಈ ವರ್ಷದಿಂದಲೇ ನಿಲ್ಲಿಸಿ, ಬೇಕಿದ್ದರೆ ಮೇಲಿನದಕ್ಕೆ ಸಾಗಿಸಿ. ಆದರೆ ನಿಲ್ಲಿಸಿದೊಡನೆ ಫಲ ಕಾಣದು. ಒಂದು ಟನ್ ಹಣ್ಣು ತೋಟದಿಂದ ಒಯ್ಯುವುದು ಎರಡು ಮೂರು ಕಿಲೋ ಪೊಟ್ಯಾಸಿಯಂ ಮಾತ್ರ. ಹೆಕ್ಟೇರಿಗೆ ನೂರಾರು ಕಿಲೋ ಹಿಡಿದಿಟ್ಟ ಜೇಡಿ ಅಷ್ಟು ಸುಲಭವಾಗಿ ಬರಿದಾಗುವುದಿಲ್ಲ.

ಹಾಗಾಗಿ ಮಣ್ಣಿಗಿಂತ ಬಳ್ಳಿಯ ಸೊಕ್ಕನ್ನು ತಗ್ಗಿಸುವುದೇ ಹತ್ತಿರದ ದಾರಿ. ಸಾಲುಗಳ ನಡುವೆ ಹುಲ್ಲು ಬಿಟ್ಟರೆ ಅದು ನೀರನ್ನೂ ಪೊಟ್ಯಾಸಿಯಂ ಅನ್ನೂ ಪಾಲು ಕೇಳುತ್ತದೆ. ಆದರೆ ಸಾರಜನಕವನ್ನೂ ಕೇಳುತ್ತದೆ, ರಸದಲ್ಲಿ ಯೀಸ್ಟ್ ಬಳಸಬಲ್ಲ ಸಾರಜನಕ ಲೀಟರಿಗೆ 140 ಮಿಲಿಗ್ರಾಂಗಿಂತ ಕೆಳಗಿಳಿದರೆ ಹುದುಗು ನಡುವೆಯೇ ನಿಂತುಬಿಡುವ ಭಯವಿದೆ. ಚಿಗುರು ತೆಳುವು ಮಾಡಿ, ಗೊಂಚಲಿನ ಸುತ್ತಲಿನ ಎಲೆಗಳನ್ನು ಬೆಳಗಿನ ಬಿಸಿಲು ಬೀಳುವ ಬದಿಯಲ್ಲಿ ಮಾತ್ರ ತೆಗೆಯಿರಿ. ಮಧ್ಯಾಹ್ನದ ಬಿಸಿಲಿಗೆ ತೆರೆದಿಟ್ಟರೆ ಹಣ್ಣು ಬೇಯುತ್ತದೆ, ಉಳಿಸಬೇಕೆಂದ ಹುಳಿಯೇ ಹೋಗುತ್ತದೆ. ಉತ್ಸಾಹದಿಂದ ಎರಡೂ ಬದಿ ಬೋಳಿಸಿ ಒಣದ್ರಾಕ್ಷಿ ಕೊಯ್ದವರನ್ನು ನಾನು ನೋಡಿದ್ದೇನೆ. ನೀರಾವರಿ ಇದ್ದರೆ ಬಣ್ಣ ತಿರುಗಿದ ಮೇಲೆ ಕೈ ಬಿಗಿ ಹಿಡಿಯಿರಿ. ಮುಂದಿನ ಹೂವಿನ ಕಾಲದಲ್ಲಿ ಗೊಂಚಲಿನ ಎದುರಿನ ಎಲೆಗಳ ತೊಟ್ಟುಗಳನ್ನು ಎರಡೂ ತೋಟಗಳಿಂದ ಬೇರೆಬೇರೆಯಾಗಿ ಆರಿಸಿ ಪರೀಕ್ಷೆಗೆ ಕಳಿಸಿದರೆ, ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಎರಡರ ಚಿತ್ರವೂ ಸಿಗುತ್ತದೆ. ಬರಿಯ ಮಣ್ಣಿನ ಪರೀಕ್ಷೆ ಬಳ್ಳಿ ಎಷ್ಟು ಹೀರಿತೆಂದು ಹೇಳುವುದಿಲ್ಲ.

ಬೇರುಸಸಿ ಬದಲಿಸುವುದು ಕೊನೆಯ ಮಾತು. ‘140 ರುಗ್ಗೇರಿ’ ಎಂಬ ಬೇರುಸಸಿ ಪೊಟ್ಯಾಸಿಯಂ ಅನ್ನು ಮಿತವಾಗಿ ಹೀರುವುದೆಂದೂ ‘ಫ್ರೀಡಂ’ ಎಂಬುದು ಹೊಟ್ಟೆಬಾಕವೆಂದೂ ಹೆಸರಾಗಿವೆ. ಆದರೆ ತೋಟ ಕಿತ್ತು ಮತ್ತೆ ನೆಟ್ಟು ಸರಿಯಾದ ಬೆಳೆ ಕಾಣಲು ಮೂರು ನಾಲ್ಕು ವರ್ಷ ಬೇಕು, ತಪ್ಪಾದರೆ ಹಿಂದಿರುಗುವ ದಾರಿಯಿಲ್ಲ. ಬಳ್ಳಿಗೆ ಬೇರೆ ಕಾಯಿಲೆಯಿಲ್ಲದಿದ್ದರೆ ಈ ಒಂದು ಕಾರಣಕ್ಕೆ ನಾನು ಕೊಡಲಿ ಎತ್ತುವುದಿಲ್ಲ.

ವೈನ್ ಮನೆಯೊಳಗೆ ಮಾಡಬಹುದಾದದ್ದು ಇನ್ನೂ ಇದೆ. ಕೆಳಗಿನ ತೋಟದ ಹಣ್ಣನ್ನು ಸಕ್ಕರೆಯ ಅಳತೆ ನೋಡಿ ಕೊಯ್ಯದೆ ಪಿಎಚ್ ನೋಡಿ ಕೆಲವು ದಿನ ಮೊದಲೇ ಕೊಯ್ಯಬಹುದು. ನಿಮ್ಮಲ್ಲಿಯ ನಿಯಮ ಒಪ್ಪುವುದಾದರೆ ಹುದುಗುವ ಮೊದಲೇ ಟಾರ್ಟಾರಿಕ್ ಆಮ್ಲ ಸೇರಿಸಬಹುದು; ಲೀಟರಿಗೆ ಒಂದು ಗ್ರಾಂ ಸೇರಿಸಿದರೆ ಪಿಎಚ್ ಸುಮಾರು 0.1ರಷ್ಟು ಇಳಿಯುತ್ತದೆ ಎನ್ನುವುದು ಅಂದಾಜಿನ ಲೆಕ್ಕ, ಪೊಟ್ಯಾಸಿಯಂ ಇಷ್ಟು ತುಂಬಿದ ರಸದಲ್ಲಿ ಅಷ್ಟೂ ಇಳಿಯದಿರಬಹುದು. ಪೊಟ್ಯಾಸಿಯಂ ಅನ್ನೇ ಹೊರತೆಗೆಯುವ ಅಯಾನು ವಿನಿಮಯದ ಉಪಕರಣಗಳೂ ಇವೆ, ಸಣ್ಣ ಪ್ರಮಾಣಕ್ಕೆ ಅವು ದುಬಾರಿ. ಬರಿಯ ತಣ್ಣಗಿಡುವುದನ್ನು ಮಾತ್ರ ಕೆಳಗಿನ ವೈನಿಗೆ ಮಾಡಬೇಡಿ. ಚಳಿಗೆ ಪೊಟ್ಯಾಸಿಯಂ ಟಾರ್ಟಾರಿಕ್ ಆಮ್ಲದೊಂದಿಗೆ ಸೇರಿ ಹರಳಾಗಿ ತಳ ಸೇರುತ್ತದೆ. ಬಿರಡೆಗೆ ಅಂಟಿಕೊಂಡು ಗಾಜಿನ ಚೂರೆಂದು ಗಾಬರಿ ಹುಟ್ಟಿಸುವ ಹರಳು ಅದೇ. ಪಿಎಚ್ ಸುಮಾರು 3.65ಕ್ಕಿಂತ ಕೆಳಗಿದ್ದಾಗ ಆ ಹರಳು ಬಿದ್ದರೆ ಪಿಎಚ್ ಇಳಿಯುತ್ತದೆ, ಮೇಲಿದ್ದಾಗ ಬಿದ್ದರೆ ಇನ್ನೂ ಏರುತ್ತದೆ. ಒಂದೇ ಉಪಚಾರ ನಿಮ್ಮ ಒಂದು ವೈನನ್ನು ಚುರುಕುಗೊಳಿಸಿ ಇನ್ನೊಂದನ್ನು ಮತ್ತಷ್ಟು ಸಪ್ಪೆ ಮಾಡಬಲ್ಲದು.

ಆರೋಗ್ಯದ ಪ್ರಶ್ನೆಗೆ ಉತ್ತರ ಚಿಕ್ಕದು. ನಿಮ್ಮ ಮೇಲಿನ ವೈನಿನ 150 ಮಿಲಿಲೀಟರಿನಲ್ಲಿ ಸುಮಾರು 140 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ದಿನಕ್ಕೆ ಕನಿಷ್ಠ 3,510 ಮಿಲಿಗ್ರಾಂ. ಖನಿಜಕ್ಕಾಗಿ ವೈನ್ ಕುಡಿಯುವುದು ಲೆಕ್ಕಕ್ಕೆ ಬಾರದ ಮಾತು, ಮದ್ಯಸಾರದ ಹಾನಿ ಬೇರೆ ಇದೆ. ಗಮನಿಸಬೇಕಾದದ್ದು ಮನುಷ್ಯರೇ ಸೇರಿಸುವ ಲೋಹಗಳನ್ನು: ರೋಗ ತಡೆಯಲು ಬಳ್ಳಿಗೆ ಸಿಂಪಡಿಸುವ ಬೋರ್ಡೊ ದ್ರಾವಣದ ತಾಮ್ರ, ಹಳೆಯ ಹಿತ್ತಾಳೆ ನಲ್ಲಿಗಳ ಸೀಸ, ತಿಳಿಗೊಳಿಸಲು ಹಾಕುವ ಬೆಂಟೊನೈಟ್ ಜೇಡಿಯ ಸೋಡಿಯಂ. ಅಂತರರಾಷ್ಟ್ರೀಯ ವೈನ್ ಸಂಸ್ಥೆಯಾದ ಓಐವಿ 2019ರ ಕೊಯ್ಲಿನಿಂದ ಸೀಸದ ಮಿತಿಯನ್ನು ಲೀಟರಿಗೆ 0.10 ಮಿಲಿಗ್ರಾಂಗೆ ಇಳಿಸಿದೆ. ನೆಲದ ಗುರುತು ವೈನಿನಲ್ಲಿ ಇರುವುದೇ ಇಲ್ಲ ಎಂದೂ ತಿಳಿಯಬೇಡಿ. ಸ್ಟ್ರಾಂಷಿಯಂ ಎಂಬ ಲೋಹದ ಎರಡು ಐಸೊಟೋಪುಗಳ (ಬೇರೆಬೇರೆ ತೂಕದ ಪರಮಾಣುಗಳ) ಅನುಪಾತ ಮಣ್ಣಿನಿಂದ ಹಣ್ಣಿಗೆ ಬಹುಮಟ್ಟಿಗೆ ಬದಲಾಗದೆ ಬರುತ್ತದೆ, ಕಲಬೆರಕೆ ಹಿಡಿಯುವವರು ಅದನ್ನು ಬಳಸುತ್ತಾರೆ. ಅದನ್ನು ಓದಲು ಯಂತ್ರ ಬೇಕು, ನಾಲಿಗೆಗೆ ಆಗದು.

ಈ ವರ್ಷದ ವೈನಿಗೆ ನಾನಾಗಿದ್ದರೆ ಮೊದಲು ಮಾಡುವುದು ಮಿಶ್ರಣದ ಪರೀಕ್ಷೆ. ಕೆಳಗಿನದನ್ನು ಮೇಲಿನದಕ್ಕೆ ಶೇ 10, 20, 30, 40ರ ಪ್ರಮಾಣದಲ್ಲಿ ಸಣ್ಣ ಶೀಷೆಗಳಲ್ಲಿ ಬೆರೆಸಿ ಪ್ರತಿಯೊಂದರ ಪಿಎಚ್ ಅಳೆಯಿರಿ. ಎರಡು ಪಿಎಚ್‌ಗಳ ಸರಾಸರಿ ಕಾಗದದ ಮೇಲೆ ಹಾಕಿದಂತೆ ಬರುವುದಿಲ್ಲ. ಶೀಷೆಗಳನ್ನು ಸೊನ್ನೆಗೆ ಹತ್ತಿರದ ಚಳಿಯಲ್ಲಿ ಒಂದು ವಾರವಿಟ್ಟು, ಹರಳು ಬಿದ್ದ ಮೇಲೆ ಮತ್ತೊಮ್ಮೆ ಅಳೆಯಿರಿ. ಎರಡನೆಯ ಅಳತೆಯಲ್ಲಿ ಪಿಎಚ್ ಇಳಿದ ಶೀಷೆಗಳನ್ನು ಮಾತ್ರ ಉಳಿಸಿಕೊಂಡು, ಮೇಲಿನ ತೋಟದ ಬರಿಯ ವೈನನ್ನೂ ಜೊತೆಗಿಟ್ಟು ಸ್ನೇಹಿತರಿಗೆ ಕೊಡಿ. ಯಾವ ಗ್ಲಾಸಿನಲ್ಲಿ ಎಷ್ಟು ಜೇಡಿಮಣ್ಣಿನದಿದೆ ಎಂದು ಹೇಳದೆ, ಕಲ್ಲಿನ ರುಚಿ ಎಲ್ಲಿ ಬಂತೆಂದು ಅವರೇ ಬರೆದುಕೊಡಲಿ.